ಕಮಾಲಾ ಖಾನ್‌ಗೆ ಯಾರು ಜೋಡಿ? ಒಂದು ಜಗಳದ ಲೆಕ್ಕಪತ್ರ

ಕಳೆದ ಬೇಸಿಗೆ ರಜೆಯಲ್ಲಿ ನಾನು ಮತ್ತು ನನ್ನ ಖಾಲಾ ಮಗಳು ಒಂದು ವಾರ ಮಾತು ಬಿಟ್ಟಿದ್ದೆವು. ಕಾರಣ ಕೇಳಿದರೆ ನೀವು ನಗುತ್ತೀರಿ. 'ಮಿಸ್ ಮಾರ್ವೆಲ್' ಧಾರಾವಾಹಿಯಲ್ಲಿ ನಾಯಕಿ ಕಮಾಲಾ ಖಾನ್‌ಗೆ ಬ್ರೂನೋ ಸರಿಯಾದ ಜೋಡಿ ಎಂದು ನಾನು ಹೇಳಿದೆ. ಕಮ್ರಾನ್ ಎಂದು ಅವಳು ಹೇಳಿದಳು. ಮನೆಯ ವಾಟ್ಸಾಪ್ ಗ್ರೂಪಿನಲ್ಲಿ ಶುರುವಾದ ಮಾತು "ನಿನಗೆ ಕಥೆ ಅರ್ಥವಾಗುವುದಿಲ್ಲ" ಎಂಬಲ್ಲಿಗೆ ಬಂದು ನಿಂತಿತು. ಕೊನೆಗೆ ಖಾಲಾ ಅವರೇ, "ಆ ಹುಡುಗಿಗೆ ಮದುವೆ ನಿಶ್ಚಯ ಮಾಡುವುದಕ್ಕೆ ಅವಳ ಅಮ್ಮಿ ಇದ್ದಾರೆ, ನೀವು ಸುಮ್ಮನಿರಿ" ಎಂದು ಗದರಿದರು.

ಖಾಲಾ ತಮಾಷೆಗೆ ಹೇಳಿದ ಆ ಮಾತಿನಲ್ಲಿ ಒಂದು ಸತ್ಯವಿತ್ತು. ಅದು ನನಗೆ ಹೊಳೆದದ್ದು ಧಾರಾವಾಹಿಯನ್ನು ಎರಡನೇ ಸಲ ನೋಡಿದಾಗ. ಅಭಿಮಾನಿಗಳು ಏಕೆ ಹೀಗೆ ಜಗಳವಾಡುತ್ತಾರೆ, ಅದರಲ್ಲಿ ಯಾವ ವಾದ ನಿಲ್ಲುತ್ತದೆ, ಯಾವುದು ನಿಲ್ಲುವುದಿಲ್ಲ ಎಂದು ನನಗೆ ತಿಳಿದಷ್ಟು ಇಲ್ಲಿ ಬರೆಯುತ್ತೇನೆ. ಧಾರಾವಾಹಿಯನ್ನು ಇನ್ನೂ ನೋಡದವರು ಕ್ಷಮಿಸಬೇಕು, ಕಥೆಯ ಕೊನೆಯನ್ನೂ ಹೇಳಿಬಿಡುತ್ತೇನೆ.

ಕಥೆ ಏನು?

ಕಮಾಲಾ ಖಾನ್ ಅಮೆರಿಕದ ನ್ಯೂಜೆರ್ಸಿ ರಾಜ್ಯದ ಜೆರ್ಸಿ ಸಿಟಿಯಲ್ಲಿರುವ 16 ವರ್ಷದ ಹುಡುಗಿ. ಅಪ್ಪ ಯೂಸುಫ್, ಅಮ್ಮ ಮುನೀಬಾ ಪಾಕಿಸ್ತಾನದ ಕರಾಚಿಯಿಂದ ಹೋಗಿ ನೆಲೆಸಿದವರು. ಅಣ್ಣ ಆಮಿರ್ ನಮಾಜಿ ಹುಡುಗ. ಈ ಪಾತ್ರ ಕಾಮಿಕ್ಸ್ ಪುಟಗಳಲ್ಲಿ ಮೊದಲು ಕಾಣಿಸಿದ್ದು 2013ರಲ್ಲಿ. ಅವಳದೇ ಹೆಸರಿನ ಕಾಮಿಕ್ಸ್ 2014ರಲ್ಲಿ ಶುರುವಾಯಿತು. ಅದನ್ನು ಬರೆದವರು ಜಿ. ವಿಲ್ಲೋ ವಿಲ್ಸನ್, ಚಿತ್ರ ಬರೆದವರು ಏಡ್ರಿಯನ್ ಆಲ್ಫೋನಾ, ಪಾತ್ರ ಹುಟ್ಟಲು ಮುಖ್ಯ ಕಾರಣರಾದ ಸಂಪಾದಕಿ ಸನಾ ಅಮಾನತ್. ಧಾರಾವಾಹಿ ಬಂದದ್ದು 2022ರ ಜೂನ್ 8ರಿಂದ ಜುಲೈ 13ರವರೆಗೆ, ವಾರಕ್ಕೊಂದರಂತೆ ಒಟ್ಟು 6 ಕಂತು. ಮುಖ್ಯ ಬರಹಗಾರ್ತಿ ಬಿಶಾ ಕೆ. ಅಲಿ. ಕಮಾಲಾ ಪಾತ್ರ ಮಾಡಿದ ಇಮಾನ್ ವೆಲ್ಲಾನಿಗೆ ಅದು ಮೊದಲ ನಟನೆ.

ಅಜ್ಜಿಯ ಮನೆಯಿಂದ ಬಂದ ಒಂದು ಹಳೆಯ ಬಳೆ ತೊಟ್ಟಾಗ ಕಮಾಲಾಳಿಗೆ ಬೆಳಕನ್ನು ಗಟ್ಟಿ ಮಾಡುವ ಶಕ್ತಿ ಬರುತ್ತದೆ. ಆ ಬಳೆ ಅವಳ ಮುತ್ತಜ್ಜಿ ಆಯಿಶಾಳದ್ದು. 1947ರ ವಿಭಜನೆಯ ರಾತ್ರಿ ರೈಲು ನಿಲ್ದಾಣದಲ್ಲಿ ಆಯಿಶಾ ಕಾಣೆಯಾದಳು, ಪುಟ್ಟ ಮಗಳು ಸನಾ ಮಾತ್ರ ತಂದೆಯನ್ನು ಸೇರಿದಳು. ಆ ರಾತ್ರಿ ಏನಾಯಿತು ಎಂಬುದೇ ಕಥೆಯ ಗಂಟು.

ನಮ್ಮ ದಖನಿ ಉರ್ದು ಮನೆಯಲ್ಲಿ ಆ ರೈಲಿನ ನೆನಪುಗಳಿಲ್ಲ. ನಮ್ಮ ದಾದಿ ಹುಟ್ಟಿದ ಜಿಲ್ಲೆಯನ್ನೇ ಬಿಟ್ಟು ಹೋದವರಲ್ಲ. ಆದರೂ ಧಾರಾವಾಹಿಯಲ್ಲಿ ಮಸೀದಿಯ ಹೊರಗೆ ಬಿಟ್ಟ ಚಪ್ಪಲಿ ಕಳುವಾದಾಗ ನಾವು ಮನೆಮಂದಿಯೆಲ್ಲ ನಕ್ಕೆವು. ಸೂಪರ್‌ಹೀರೋ ಕಥೆಯಲ್ಲಿ ನಮ್ಮ ಚಪ್ಪಲಿಯ ಕಷ್ಟ ಬರುತ್ತದೆ ಎಂದು ಯಾರು ಅಂದುಕೊಂಡಿದ್ದರು?

ಮೊದಲ ಜಗಳ: ಜೋಡಿ ಯಾರು?

ಇಬ್ಬರು ಪಾತ್ರಗಳು ಜೋಡಿಯಾಗಲಿ ಎಂದು ಬಯಸುವುದಕ್ಕೆ ಅಭಿಮಾನಿಗಳು 'ಶಿಪ್ಪಿಂಗ್' ಎನ್ನುತ್ತಾರೆ. ನಮ್ಮ ಬಿಸಿನೆಸ್ ಸ್ಟಡೀಸ್ ಪುಸ್ತಕದ ಹಡಗು ಸಾಗಣೆಗೂ ಇದಕ್ಕೂ ಸಂಬಂಧವಿಲ್ಲ. 'ರಿಲೇಶನ್‌ಶಿಪ್' ಎಂಬ ಪದದ ಬಾಲವನ್ನು ಕತ್ತರಿಸಿ ಮಾಡಿಕೊಂಡ ಮಾತು ಅದು.

ಇಲ್ಲಿ ಮೂರು ಪಕ್ಷಗಳಿವೆ. ಬ್ರೂನೋ ಬಾಲ್ಯದ ಗೆಳೆಯ, ವಿಜ್ಞಾನದಲ್ಲಿ ಜಾಣ. ಅವನಿಗೆ ಕಮಾಲಾ ಇಷ್ಟ ಎಂಬುದು ಅವಳನ್ನು ಬಿಟ್ಟು ಉಳಿದವರಿಗೆಲ್ಲ ಗೊತ್ತು. ಕಮ್ರಾನ್ ಎರಡನೇ ಕಂತಿನಲ್ಲಿ ಬರುವ ಚೆಲುವ. ಅವನಿಗೂ ಅವಳಂತೆಯೇ ಹಿಂದಿ ಸಿನಿಮಾ ಹುಚ್ಚು. ಆದರೆ ಅವನ ತಾಯಿ ನಜ್ಮಾಳೇ ಕಥೆಯ ವೈರಿ. ಮೂರನೆಯವನು ಕರಾಚಿಯಲ್ಲಿ ಸಿಗುವ ಕರೀಮ್, ಕೆಂಪು ಸ್ಕಾರ್ಫ್ ಕಟ್ಟಿದ ಹೋರಾಟಗಾರ.

ಕಮ್ರಾನ್ ಪಕ್ಷದವರ ವಾದವೇನೆಂದರೆ, ಮನೆಯ ಭಾಷೆ, ಹಾಡು, ಅಮ್ಮಂದಿರ ಸ್ವಭಾವ ಇದನ್ನೆಲ್ಲ ಅವನಿಗೆ ವಿವರಿಸಬೇಕಾಗಿಲ್ಲ, ಅವಳ ಅರ್ಧ ವಾಕ್ಯ ಅವನಿಗೆ ಸಾಕು. ಬ್ರೂನೋ ಪಕ್ಷದವರು, ಕಷ್ಟದಲ್ಲಿ ಪಕ್ಕದಲ್ಲಿದ್ದವನೇ ದೊಡ್ಡವನು ಎನ್ನುತ್ತಾರೆ. ಕೆಲವರು ಧರ್ಮದ ಪ್ರಶ್ನೆಯನ್ನೂ ತರುತ್ತಾರೆ. ಕಾಮಿಕ್ಸ್ ಓದಿದವರಿಗೆ ಇನ್ನೊಂದು ತಕರಾರಿದೆ. ಪುಸ್ತಕದಲ್ಲಿ ಕಮ್ರಾನ್ ಅವಳನ್ನು ನಂಬಿಸಿ ಮೋಸ ಮಾಡುತ್ತಾನೆ. ಧಾರಾವಾಹಿಯವರು ಅವನನ್ನು ತಾಯಿಯೇ ಕೈಬಿಟ್ಟ ನತದೃಷ್ಟ ಹುಡುಗನನ್ನಾಗಿ ಮಾಡಿದ್ದಾರೆ.

ಬರಹಗಾರರು ಕೊನೆಗೆ ಮಾಡಿದ್ದೇನು? ಯಾರನ್ನೂ ಜೋಡಿ ಮಾಡಲಿಲ್ಲ. ಕಮ್ರಾನ್ ಕರೀಮನ ಬಳಿಗೆ ಕರಾಚಿಗೆ ಹೋಗುತ್ತಾನೆ. ಬ್ರೂನೋ ಕಾಲ್ಟೆಕ್‌ಗೆ ಓದಲು ಹೊರಡುತ್ತಾನೆ. ಮುಂದೆ 2023ರ 'ದಿ ಮಾರ್ವೆಲ್ಸ್' ಸಿನಿಮಾದಲ್ಲೂ ಅವಳಿಗೆ ಪ್ರೇಮಕಥೆ ಇಲ್ಲ, ಮನೆಯವರು ಮಾತ್ರ ತಪ್ಪದೆ ಇದ್ದಾರೆ. "ಇದು ಜಾರಿಕೊಂಡದ್ದು, ತೀರ್ಮಾನವಲ್ಲ" ಎಂದು ನನ್ನ ಖಾಲಾ ಮಗಳು ಹೇಳಿದಳು. ಆಗ ನಾನೂ ಒಪ್ಪಿದ್ದೆ. ಈಗ ಒಪ್ಪುವುದಿಲ್ಲ.

ಆರು ಕಂತಿನ ಬಜೆಟ್

ಅರ್ಥಶಾಸ್ತ್ರದಲ್ಲಿ ನಾವು ಮೊದಲು ಕಲಿಯುವುದು, ಸಾಧನಗಳು ಕಡಿಮೆ, ಬಯಕೆಗಳು ಹೆಚ್ಚು ಎಂದು. ಒಂದನ್ನು ಆರಿಸಿಕೊಂಡರೆ ಬಿಟ್ಟದ್ದರ ಬೆಲೆ ತೆರಬೇಕು. ಅದೇ ಅವಕಾಶ ವೆಚ್ಚ. ಆರು ಕಂತು ಎಂದರೆ ಹೆಸರುಗಳ ಪಟ್ಟಿ ಸೇರಿಸಿದರೂ ಐದು ಗಂಟೆ ತುಂಬುವುದಿಲ್ಲ. ಅಷ್ಟರಲ್ಲಿ ಶಾಲೆ, ಮಸೀದಿ, ಅಣ್ಣನ ಮದುವೆ, ಕರಾಚಿ, 1947, ವೈರಿಗಳು, ಸರ್ಕಾರಿ ಏಜೆಂಟರು ಎಲ್ಲ ಬರಬೇಕು. ಕಮ್ರಾನ್‌ಗೆ ಹತ್ತು ನಿಮಿಷ ಹೆಚ್ಚು ಕೊಟ್ಟರೆ ಬೇರೆ ಯಾರದೋ ಹತ್ತು ನಿಮಿಷ ಹೋಗುತ್ತದೆ.

ನನ್ನ ಮಟ್ಟಿಗೆ ಹೀಗೆ ನಷ್ಟವಾದವಳು ಗೆಳತಿ ನಕಿಯಾ. ಹಿಜಾಬ್ ತೊಟ್ಟ ಆ ಹುಡುಗಿ, ಮಸೀದಿಯಲ್ಲಿ ಹೆಂಗಸರ ಭಾಗ ಹಾಳಾಗಿದೆ ಎಂದು ಗೊಣಗಿ ಸುಮ್ಮನಾಗದೆ ಆಡಳಿತ ಮಂಡಳಿಯ ಚುನಾವಣೆಗೇ ನಿಲ್ಲುತ್ತಾಳೆ. ಕಮಾಲಾ ತನ್ನಿಂದ ಗುಟ್ಟು ಮುಚ್ಚಿಟ್ಟಳೆಂದು ತಿಳಿದಾಗ ಅವಳಿಗಾಗುವ ನೋವು ದೊಡ್ಡದು. ಅವರಿಬ್ಬರೂ ಮತ್ತೆ ಒಂದಾಗುವುದು ಮಾತ್ರ ಅವಸರದಲ್ಲಿ ಮುಗಿದುಹೋಗುತ್ತದೆ. ಜೋಡಿಯ ಜಗಳದಲ್ಲಿ ಮುಳುಗಿದ್ದ ನಾವು ಯಾರೂ ಅವಳ ಪರವಾಗಿ ಒಂದು ಮೆಸೇಜೂ ಹಾಕಿರಲಿಲ್ಲ.

ಎರಡನೇ ಜಗಳ: ಬರವಣಿಗೆ ಸರಿಯೇ?

ಬರಹಗಾರರ ಮೇಲೆ ಮೂರು ದೂರುಗಳು ಹೆಚ್ಚಾಗಿ ಕೇಳುತ್ತವೆ.

ಒಂದು, ಶಕ್ತಿಯನ್ನು ಬದಲಾಯಿಸಿದ್ದು. ಕಾಮಿಕ್ಸ್‌ನಲ್ಲಿ ಕಮಾಲಾ ಕೈಕಾಲು ಹಿಗ್ಗಿಸುತ್ತಾಳೆ, ದೇಹವನ್ನೇ ಬದಲಿಸುತ್ತಾಳೆ. ಶಕ್ತಿ ಬಂದ ಕೂಡಲೇ ಅವಳು ಬಿಳಿ ಬಣ್ಣದ, ಹೊಂಬಣ್ಣದ ಕೂದಲಿನ ಕ್ಯಾಪ್ಟನ್ ಮಾರ್ವೆಲ್ ಥರ ಆಗಿಬಿಡುತ್ತಾಳೆ. ಆಮೇಲೆ ನನ್ನ ಮೈಯಲ್ಲೇ ನಾನಿರಬೇಕು ಎಂದು ಕಲಿಯುತ್ತಾಳೆ. ಕನ್ನಡಿ ಮುಂದೆ ನಿಂತು ಬೇಸರ ಪಟ್ಟ ಯಾವ ಹುಡುಗಿಗೂ ಇದು ಅರ್ಥವಾಗುತ್ತದೆ. ಬೆಳಕಿನ ಶಕ್ತಿ ನೋಡಲು ಚೆಂದ, ಆದರೆ ಈ ಅರ್ಥ ಹೋಯಿತು. ಈ ದೂರು ನ್ಯಾಯವಾದದ್ದೇ.

ಎರಡು, ನಜ್ಮಾಳ ಮನಸ್ಸು ಬದಲಾದದ್ದು. ನಾಲ್ಕನೇ ಕಂತಿನಲ್ಲಿ ಅವಳು ಸ್ವಂತ ಮಗ ಕಮ್ರಾನನನ್ನು ಬಿಟ್ಟು ಹೋಗುತ್ತಾಳೆ, ತಿರುಗಿಯೂ ನೋಡುವುದಿಲ್ಲ. ಐದನೇ ಕಂತಿನಲ್ಲಿ ಕಮಾಲಾ ಮಗನ ಹೆಸರು ಹೇಳಿದ ಕೂಡಲೇ ಕರಗಿ ಪ್ರಾಣವನ್ನೇ ಕೊಡುತ್ತಾಳೆ. ನಡುವೆ ಏನಾಯಿತು? ನಮಗೆ ತೋರಿಸಲಿಲ್ಲ. ಟ್ರಯಲ್ ಬ್ಯಾಲೆನ್ಸ್ ತಾಳೆಯಾಗದಿದ್ದಾಗ ನಾವು ವ್ಯತ್ಯಾಸದ ಮೊತ್ತವನ್ನು ಸಸ್ಪೆನ್ಸ್ ಅಕೌಂಟಿಗೆ ಹಾಕಿ ಎರಡೂ ಕಡೆ ಸಮ ಮಾಡುತ್ತೇವಲ್ಲ, ಬರಹಗಾರರು ಮಾಡಿದ್ದು ಅದನ್ನೇ. ಲೆಕ್ಕ ಕೂಡಿತು, ತಪ್ಪು ಮಾತ್ರ ಒಳಗೇ ಉಳಿಯಿತು.

ಮೂರು, ವಿಭಜನೆಯ ರಾತ್ರಿಗೆ ಕಮಾಲಾಳೇ ಹೋಗಿ ತನ್ನ ನಾನಿಯನ್ನು ಉಳಿಸುವುದು. ಇದು ಅತಿಯಾಯಿತು, ಆಯಿಶಾಳ ಕೆಲಸವನ್ನು ಮರಿಮೊಮ್ಮಗಳು ಕಿತ್ತುಕೊಂಡಳು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಪುಟ್ಟ ಸನಾ ನಕ್ಷತ್ರಗಳ ಸಾಲನ್ನು ಹಿಡಿದು ತಂದೆಯನ್ನು ಸೇರಿದಳು ಎಂಬ ಮನೆತನದ ಕಥೆಯನ್ನು ಮೊದಲಿನ ಕಂತುಗಳಲ್ಲೇ ಮನೆಯವರ ಮಾತಿನಲ್ಲಿ ಕೇಳಿಸಿದ್ದಾರೆ. ಆ ನಕ್ಷತ್ರಗಳು ಕಮಾಲಾಳ ಬೆಳಕು ಎಂದು ಗೊತ್ತಾದಾಗ ಆಶ್ಚರ್ಯವಾಗುತ್ತದೆ, ಮೋಸ ಹೋದಂತೆ ಅನಿಸುವುದಿಲ್ಲ.

ಇವುಗಳಿಂದ ನಾನು ಕಲಿತ ಅಳತೆಗೋಲು ಇಷ್ಟೇ: ಕಥೆಯಲ್ಲಿ ನಡೆದದ್ದು ನನಗೆ ಇಷ್ಟವಾಯಿತೇ ಎಂಬುದು ಎರಡನೇ ಪ್ರಶ್ನೆ. ಅದಕ್ಕೆ ಬೀಜವನ್ನು ಮೊದಲೇ ಬಿತ್ತಿದ್ದರೇ ಎಂಬುದು ಮೊದಲ ಪ್ರಶ್ನೆ. ನಕ್ಷತ್ರಗಳಿಗೆ ಬಿತ್ತಿದ್ದರು. ನಜ್ಮಾಳಿಗೆ ಬಿತ್ತಿರಲಿಲ್ಲ.

ಬಟ್ಟೆಯಲ್ಲಿರುವ ಉತ್ತರ

ಹಾಗಾದರೆ ಬರಹಗಾರರು ಎಲ್ಲಕ್ಕಿಂತ ಚೆನ್ನಾಗಿ ಬಿತ್ತಿ ಬೆಳೆದ ಸಂಬಂಧ ಯಾವುದು?

ಮೊದಲ ಕಂತಿನಲ್ಲಿ ಕಮಾಲಾಳಿಗೆ ಅವೆಂಜರ್‌ಕಾನ್ ಎಂಬ ಜಾತ್ರೆಗೆ ಹೋಗಬೇಕು. ಅಮ್ಮ ಬೇಡ ಎನ್ನುತ್ತಾಳೆ. ಕೊನೆಗೆ ಅಪ್ಪ ಅಮ್ಮ ಒಂದು ದಾರಿ ಹುಡುಕುತ್ತಾರೆ. ಅಪ್ಪ ದೊಡ್ಡ ಹಲ್ಕ್, ಮಗಳು ಚಿಕ್ಕ ಹಲ್ಕ್, ಇಬ್ಬರಿಗೂ ಹಸಿರು ಶಲ್ವಾರ್ ಕಮೀಜ್. ಅಪ್ಪ ಮೈಗೆಲ್ಲ ಹಸಿರು ಬಳಿದುಕೊಂಡು ಸಂಭ್ರಮದಿಂದ ಬಂದು ನಿಲ್ಲುತ್ತಾನೆ. ಇದು ಅವಮಾನ ಎಂದು ಕಮಾಲಾ ಹೇಳಿಬಿಡುತ್ತಾಳೆ. ಅಪ್ಪನ ಮುಖ ಬಾಡುತ್ತದೆ.

ಆರನೇ ಕಂತಿನಲ್ಲಿ ಅದೇ ಅಮ್ಮ ಅವಳ ಕೈಗೆ ಒಂದು ಉಡುಪು ಕೊಡುತ್ತಾಳೆ. ಅದೇ ಮಿಸ್ ಮಾರ್ವೆಲ್ ವೇಷ. ಈ ಸಲ ಮಗಳು ತೊಡುತ್ತಾಳೆ. ಮುಖವಾಡ ಬ್ರೂನೋ ಕೊಟ್ಟದ್ದು. ಕೆಂಪು ಸ್ಕಾರ್ಫ್ ಕರೀಮ್ ಕೊಟ್ಟದ್ದು. ನೀಲಿ ಮೇಲಂಗಿ ಕರಾಚಿಯ ವಲೀದ್ ಕೊಟ್ಟದ್ದು. ಎಲ್ಲರೂ ಆ ವೇಷದಲ್ಲಿದ್ದಾರೆ, ಯಾರೂ ಜೋಡಿಯಾಗಿಲ್ಲ. ಎಲ್ಲವನ್ನೂ ಹಿಡಿದಿಟ್ಟದ್ದು ಅಮ್ಮನ ಬಟ್ಟೆ. ಆಮೇಲೆ ಮನೆಯ ಮಹಡಿಯ ಮೇಲೆ ಅಪ್ಪ, ನಿನ್ನ ಹೆಸರಿನಲ್ಲಿರುವ 'ಕಮಾಲ್' ಎಂದರೆ ಉರ್ದುವಿನಲ್ಲಿ ಅದ್ಭುತ, ಅಂದರೆ ಇಂಗ್ಲಿಷಿನ ಮಾರ್ವೆಲ್ ಎಂದು ತಿಳಿಸುತ್ತಾನೆ. ಕನ್ನಡದಲ್ಲೂ ನಾವು "ಕಮಾಲ್ ಮಾಡಿದ" ಎನ್ನುತ್ತೇವಲ್ಲ, ಅದೇ ಕಮಾಲ್. ಅವಳು ಹೊರಗೆಲ್ಲ ಹುಡುಕಿದ ಹೆಸರು ಮನೆಯಲ್ಲೇ ಇತ್ತು.

ಇನ್ನೂ ಒಂದು ವಿಷಯ. ಆ ಅಮ್ಮ ಮುನೀಬಾ ಕೂಡ ತನ್ನ ತಾಯಿ ಹೇಳುತ್ತಿದ್ದ ವಿಚಿತ್ರ ಕಥೆಗಳಿಗೆ ನಾಚಿ, ಮುನಿಸಿಕೊಂಡು ಕರಾಚಿ ಬಿಟ್ಟವಳು. ಕಠಿಣ ಅಮ್ಮ ಎಂದು ನಾವು ಬೈದುಕೊಂಡವಳೂ ಒಂದು ಕಾಲದಲ್ಲಿ ಓಡಿಹೋಗಬೇಕೆಂದುಕೊಂಡ ಮಗಳೇ. ಖಾಲಾ ಹೇಳಿದ ಮಾತು ನೆನಪಾದದ್ದು ಇಲ್ಲಿಯೇ. ಈ ಕಥೆಯಲ್ಲಿ "ಅವಳ ಅಮ್ಮಿ ಇದ್ದಾರೆ."

ನನ್ನ ಹಲ್ಕ್ ವೇಷ

ಎರಡನೇ ಸಲ ನೋಡುವಾಗ ನನ್ನ ಜೊತೆ ಅಮ್ಮಿ ಇದ್ದರು. ಹಲ್ಕ್ ದೃಶ್ಯ ಬಂದಾಗ ಅವರು, "ಅಪ್ಪನ ಮುಖ ನೋಡಿದಳಾ ಆ ಹುಡುಗಿ?" ಎಂದರು. ನಾನು ಉತ್ತರ ಕೊಡಲಿಲ್ಲ. ಆಗ ನನ್ನ ಬಳಿಯೂ ಒಂದು ಗುಟ್ಟಿತ್ತು. ಬೇರೆ ಊರಿನಲ್ಲಿ ನಡೆಯುವ ಅಂತರ ಕಾಲೇಜು ಕನ್ನಡ ಚರ್ಚಾ ಸ್ಪರ್ಧೆಗೆ ಮನೆಯಲ್ಲಿ ಕೇಳದೆ ಹೆಸರು ಕೊಟ್ಟಿದ್ದೆ. ಸ್ಪೆಷಲ್ ಕ್ಲಾಸ್ ಎಂದು ಸುಳ್ಳು ಹೇಳಿ ಹೋಗುವುದೆಂದು ಯೋಚನೆ ಮಾಡಿಟ್ಟಿದ್ದೆ.

ಆರೂ ಕಂತು ಮುಗಿದ ರಾತ್ರಿ ಅಮ್ಮಿಗೆ ನಿಜ ಹೇಳಿದೆ. ಸಿನಿಮಾದ ಹಾಗೆ ಅಪ್ಪಿಕೊಳ್ಳಲಿಲ್ಲ, ಚೆನ್ನಾಗಿ ಬೈದರು. ಎರಡು ದಿನ ಬಿಟ್ಟು, "ಹೋಗು, ಆದರೆ ಅಬ್ಬಾ ಜೊತೆಗೆ ಬರುತ್ತಾರೆ" ಎಂದರು. "ಎಲ್ಲರೂ ಫ್ರೆಂಡ್ಸ್ ಜೊತೆ ಬರ್ತಾರೆ, ನಾನೊಬ್ಬಳೇ ಅಪ್ಪನ ಜೊತೆ" ಎಂಬ ಮಾತು ನಾಲಿಗೆ ತುದಿಗೆ ಬಂತು. ಹಸಿರು ಬಣ್ಣದ ಮುಖ ನೆನಪಾಯಿತು. ನುಂಗಿಕೊಂಡೆ.

ಅಬ್ಬಾ ಅಂಗಡಿಗೆ ಒಂದು ದಿನ ಬಾಗಿಲು ಹಾಕಿ ಬಂದರು. ಬಸ್ಸಿನಲ್ಲಿ ನನ್ನ ಪಾಯಿಂಟ್ಸ್ ಬರೆದ ಕಾಗದ ಹಿಡಿದು, ನಾನು ಹೇಳುವುದು ತಪ್ಪಿದಾಗ ಬೆರಳಿನಿಂದ ತೋರಿಸಿದರು. ಸಭಾಂಗಣದ ಕೊನೇ ಸಾಲಿನಲ್ಲಿ ಕೂತು ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದರು. ನನಗೆ ಬಹುಮಾನ ಬರಲಿಲ್ಲ. ವಾಪಸು ಬರುವಾಗ ಅವರೇ, "ಮುಂದಿನ ವರ್ಷ ಯಾವ ಊರಿನಲ್ಲಿ?" ಎಂದು ಕೇಳಿದರು.

ಇಮಾನ್ ವೆಲ್ಲಾನಿ ಕೂಡ ಮೊದಲು ಕಾಮಿಕ್ಸ್ ಓದಿ ವಾದ ಮಾಡುವ ಅಭಿಮಾನಿಯೇ. 2023ರಲ್ಲಿ ಅವರು ಸಬೀರ್ ಪೀರ್ಜಾದಾ ಜೊತೆಗೂಡಿ ಮಿಸ್ ಮಾರ್ವೆಲ್ ಕಾಮಿಕ್ಸ್ ಅನ್ನೇ ಬರೆದರು. ಹಾಗಾಗಿ ವಾದ ಮಾಡುವುದು ಕಾಲಹರಣವಲ್ಲ ಸ್ನೇಹಿತರೆ, ಮಾಡಿ. ಆದರೆ "ಯಾರು ಜೋಡಿ?" ಎಂದು ಕೇಳುವ ಮುನ್ನ "ಯಾರಿಗೆ ಸಮಯ ಸಿಗಲಿಲ್ಲ?" ಎಂದೂ, "ಇದಕ್ಕೆ ಬೀಜ ಎಲ್ಲಿ ಬಿತ್ತಿದ್ದರು?" ಎಂದೂ ಕೇಳಿ ನೋಡಿ. ಜಗಳ ಕಡಿಮೆಯಾಗದಿದ್ದರೂ ಅದರ ರುಚಿ ಹೆಚ್ಚುತ್ತದೆ.

ನನ್ನ ಖಾಲಾ ಮಗಳು ಈಗ ನನ್ನ ಜೊತೆ ಮಾತಾಡುತ್ತಾಳೆ. ಈ ಲೇಖನ ಓದಿ, "ಎಲ್ಲ ಸರಿ, ಆದರೂ ಕಮ್ರಾನೇ" ಎಂದಳು.