ಜಪಾನೀಯರ ಕಲ್ಲಿನ ತೋಟಗಳು

ಸತ್ಯವೇದವು ಹೇಳುವ ಏದೆನ್ ತೋಟಕ್ಕೆ ನೀರೆರೆಯಲು ಒಂದು ನದಿಯೇ ಇದ್ದಿತು. ಕೃಷ್ಣೆ ತುಂಗಭದ್ರೆಗಳ ನಡುವೆ ವಾಸಿಸಿಯೂ ಬೇಸಗೆಯ ಬವಣೆಯನ್ನು ಬಲ್ಲ ನಮ್ಮ ರಾಯಚೂರು ಸೀಮೆಯವರಿಗೆ ತೋಟವೆಂಬುದು ನೀರುಳ್ಳವರ ಸೊತ್ತೆಂದು ತೋರುವುದು ಸಹಜ. ಆದರೆ ಹನಿ ನೀರಿಲ್ಲದೆ ಸಮುದ್ರವನ್ನೇ ಅಂಗಳದಲ್ಲಿ ತೋರಿಸಬಲ್ಲ ತೋಟಗಾರರು ಲೋಕದಲ್ಲಿ ಉಂಟು. ಅವರೇ ಜಪಾನೀಯರು. ಅವರದು ಮಳೆಯ ನಾಡು. ನೀರಿನ ಅಭಾವದಿಂದ ಅವರು ಹಾಗೆ ಮಾಡಿದವರಲ್ಲ.

ಆ ನಾಡಿನ ತೋಟಗಳ ಚರಿತ್ರೆಯ ಮೊದಲಲ್ಲಿಯೇ ಮನಮುಟ್ಟುವ ಸಂಗತಿಯೊಂದಿದೆ. ಕ್ರಿ. ಶ. 612ರಲ್ಲಿ ಸುಯಿಕೊ ಎಂಬ ಸಾಮ್ರಾಜ್ಞಿಯು ಆಳುತ್ತಿರಲು, ಕೊರಿಯದ ಪೇಕ್ಚೆ ರಾಜ್ಯದಿಂದ ಒಬ್ಬನು ಬಂದನು. ಅವನ ಮುಖದಲ್ಲಿಯೂ ಮೈಮೇಲೆಯೂ ಬಿಳಿಯ ಮಚ್ಚೆಗಳಿದ್ದವು. ಜನರು ಅಸಹ್ಯಪಟ್ಟು ಅವನನ್ನು ಒಂದು ದ್ವೀಪದಲ್ಲಿ ಬಿಟ್ಟುಬಿಡಬೇಕೆಂದಿದ್ದರು. ಆಗ ಅವನು, ಮಚ್ಚೆಯುಳ್ಳ ದನ ಕುದುರೆಗಳನ್ನು ನೀವು ಸಾಕುವುದಿಲ್ಲವೇ ಎಂದು ಕೇಳಿ, ಬೆಟ್ಟಗಳ ಆಕೃತಿಯನ್ನು ರಚಿಸುವ ವಿದ್ಯೆ ತನಗೆ ಬರುವುದೆಂದೂ ತನ್ನನ್ನು ಇರಿಸಿಕೊಂಡರೆ ನಾಡಿಗೆ ಲಾಭವೆಂದೂ ಬಿನ್ನವಿಸಿಕೊಂಡನು. ಅವನನ್ನು ಉಳಿಸಿಕೊಂಡು ಅರಮನೆಯ ದಕ್ಷಿಣದ ಅಂಗಳದಲ್ಲಿ ಮೇರುಪರ್ವತವನ್ನೂ ಒಂದು ಸೇತುವೆಯನ್ನೂ ಮಾಡಿಸಿದರೆಂದು ಅವರ ಪ್ರಾಚೀನ ಚರಿತ್ರೆಯಾದ 'ನಿಹೋನ್ ಶೋಕಿ' ತಿಳಿಸುತ್ತದೆ. ಕುಷ್ಠರೋಗಿಗಳನ್ನು ಊರ ಹೊರಗೆ ಅಟ್ಟಿದುದನ್ನು ಕಂಡ ನಮ್ಮ ಹಿರಿಯರು ಈ ಕಥೆಯನ್ನು ಕೇಳಿದ್ದರೆ ಬಹಳ ಮೆಚ್ಚುತ್ತಿದ್ದರು.

ಮೇರು ನಮ್ಮ ದೇಶದ ಕಲ್ಪನೆ. ಬೌದ್ಧಧರ್ಮದೊಡನೆ ಅದು ಅಲ್ಲಿಗೆ ಹೋಯಿತು. ನಮ್ಮ ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಬೆಳಕಿಗೆ ಬಂದ ಅಶೋಕನ ಶಾಸನವೂ ಅದೇ ಧರ್ಮವನ್ನು ನಂಬಿದವನು ಬಂಡೆಯ ಮೇಲೆ ಬರೆಯಿಸಿದುದಲ್ಲವೇ?

ಹನ್ನೊಂದನೆಯ ಶತಮಾನದ 'ಸಾಕುತೇಕಿ' ಎಂಬ ಗ್ರಂಥವು ತೋಟ ಮಾಡುವುದನ್ನು ಕಲ್ಲು ನಿಲ್ಲಿಸುವುದೆಂದೇ ಕರೆಯುತ್ತದೆ. ಮಲಗಿದ್ದ ಕಲ್ಲನ್ನು ನಿಲ್ಲಿಸಬಾರದು, ನಿಂತುದನ್ನು ಮಲಗಿಸಬಾರದು. ಹಾಗೆ ಮಾಡಿದರೆ ಕೇಡೆಂದು ಅದರ ಮತ. ಕೇಡಿನ ಮಾತು ಹಾಗಿರಲಿ, ಕಲ್ಲಿನ ಇಂಗಿತವನ್ನು ಅರಿತು ನಡೆಯಬೇಕೆಂಬುದು ಸೊಗಸಾದ ವಿಚಾರ.

ಕ್ಯೋಟೊ ನಗರದ ರಿಯೋಆನ್‌ಜಿ ಮಠದ ತೋಟವು ಇವುಗಳಲ್ಲಿ ಪ್ರಸಿದ್ಧವಾದುದು. ಸುಮಾರು 80 ಅಡಿ ಉದ್ದದ ಅಂಗಳ. ಅದರ ತುಂಬ ಬಿಳಿಯ ಸಣ್ಣಕಲ್ಲು. ಐದು ಗುಂಪುಗಳಾಗಿ 15 ಬಂಡೆಗಳು. ಗಿಡವಿಲ್ಲ, ಹೂವಿಲ್ಲ, ಬಂಡೆಗಳ ಬುಡದಲ್ಲಿ ಪಾಚಿ ಮಾತ್ರ. ಜಗಲಿಯ ಮೇಲೆ ಎಲ್ಲಿ ಕುಳಿತರೂ ಒಂದು ಬಂಡೆಯಾದರೂ ಮರೆಯಾಗಿರುವಂತೆ ಅವುಗಳನ್ನು ಇರಿಸಿದ್ದಾರೆ. ಸನ್ಯಾಸಿಗಳು ಮರದ ದಂತಾಳದಿಂದ ಸಣ್ಣಕಲ್ಲಿನಲ್ಲಿ ಅಲೆಗಳಂತೆ ಗೆರೆಗಳನ್ನೆಳೆಯುತ್ತಾರೆ. ಮಳೆ ಗಾಳಿಗೆ ಕೆಟ್ಟರೆ ಮತ್ತೆ ಎಳೆಯುತ್ತಾರೆ. ದಿನ ಬೆಳಗಾದರೆ ಅಂಗಳ ಗುಡಿಸುವ ನಮ್ಮ ಹೆಣ್ಣುಮಕ್ಕಳಿಗೆ ಇದರ ಮರ್ಮವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಲ್ಲಿಗೆ ನಮ್ಮಲ್ಲಿ ಕೊರತೆಯೇನು? ರಾಯಚೂರು ಕೋಟೆಯ ಗೋಡೆಯಲ್ಲಿ 1294ರ ಶಾಸನವನ್ನು ಹೊತ್ತ ಸುಮಾರು 41 ಅಡಿ ಉದ್ದದ ಕಲ್ಲಿದೆ. ಅದನ್ನು ಬಂಡಿಯಲ್ಲಿ ಎಳೆತಂದ ಚಿತ್ರವನ್ನೂ ಅಲ್ಲಿ ಕೊರೆದಿದ್ದಾರೆ. ದೇವದುರ್ಗ, ಮಾನ್ವಿಗಳಿಂದ ಬರುವ ತಾಯಿತಂದೆಗಳು ಬಂಡೆಗುಡ್ಡಗಳನ್ನು ನೋಡುತ್ತಲೇ ಬರುವರು. ನಮ್ಮ ಶಾಲೆಯ ಅಂಗಳದ ಬಂಡೆಯನ್ನು ಒಡೆಯಿಸಿ ಹೂವಿನ ಮಡಿ ಮಾಡಬೇಕೆಂದು ಕೆಲವರು ಸೂಚಿಸಿರುವರು. ಹಳೆಯ ವಿದ್ಯಾರ್ಥಿನಿಯರು ಬುತ್ತಿ ಬಿಚ್ಚಿ ಕುಳಿತುಕೊಳ್ಳುತ್ತಿದ್ದುದು ಅದರ ನೆರಳಿನಲ್ಲಿಯೇ. ಒಡೆಯುವವರನ್ನು ಕರೆಯುವ ಮುನ್ನ ಅದರ ಸುತ್ತ ಎರಡು ಬಂಡಿ ಮರಳು ಹರಡಿ ಒಂದು ವರ್ಷ ನೋಡೋಣವೆಂದು ನಾವು ಕೇಳಿಕೊಳ್ಳುತ್ತೇವೆ.