ನೊರೆ ಉಕ್ಕದಂತೆ ಸುರಿಯುವುದು ಹೇಗೆ?

ಬೇಸಿಗೆ ಬಂತೆಂದರೆ ಕಲಬುರಗಿ ಸೀಮೆಯ ಸೋಡಾ ಬಂಡಿಗಳಿಗೆ ಬಿಡುವಿಲ್ಲ. ಗಾಣಗಾಪುರದ ದತ್ತನ ದರ್ಶನಕ್ಕೆ ಬಂದವರು, ಆಳಂದದ ಲಾಡ್ಲೆ ಮಶಾಕ ದರ್ಗಾಕ್ಕೆ ಬಂದವರು, ಸರಸಂಬಾದಂಥ ಗಡಿ ಊರಿನಿಂದ ಸಂತೆಗೆ ಬಂದವರು, ನಲವತ್ತು ಡಿಗ್ರಿ ದಾಟಿದ ಬಿಸಿಲಲ್ಲಿ ಎಲ್ಲರಿಗೂ ಬೇಕಾದದ್ದು ಒಂದು ಗ್ಲಾಸ್ ನಿಂಬೆ ಸೋಡಾ. ಗೋಲಿ ಬಾಟಲಿಯ ಜಾಗದಲ್ಲಿ ಈಗ ನಲ್ಲಿಯ ಯಂತ್ರಗಳೂ ಬಂದಿವೆ. ಒತ್ತಡ ಹೆಚ್ಚಾಗಿ ಸೋಡಾ ಭರ್‍ರೆಂದು ಚಿಮ್ಮಿದರೆ ಗ್ಲಾಸಿನಲ್ಲಿ ಅರ್ಧ ನೊರೆ, ಬಾಯಿಗೆ ಬರುವುದು ಚುರುಕಿಲ್ಲದ ಸಪ್ಪೆ ನೀರು.

ಬೆಂಗಳೂರಿನ ಮೈಕ್ರೋಬ್ರೂವರಿಗಳಲ್ಲಿ ಬಿಯರ್ ಸುರಿಯುವವರ ತಲೆನೋವೂ ಇದೇ. ಮನೆಯಲ್ಲೇ ಬಿಯರ್ ತಯಾರಿಸಿ ಕೆಗ್ ಎಂಬ ಪೀಪಾಯಿಯಲ್ಲಿ ತುಂಬಿಡುವ ಹವ್ಯಾಸ ಅಮೆರಿಕದಲ್ಲಿ ದೊಡ್ಡದು. ಅಲ್ಲಿ 1978ರ ಕಾನೂನು ಅದಕ್ಕೆ ದಾರಿ ಮಾಡಿತು. ನಮ್ಮಲ್ಲಿ 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವಂತಿಲ್ಲ. ಅಮೆರಿಕದ ಹವ್ಯಾಸಿಗಳು ಬಳಸುವ 19 ಲೀಟರಿನ ಉಕ್ಕಿನ ಕೆಗ್ ಮೊದಲು ತಯಾರಾದದ್ದು ಪೆಪ್ಸಿ, ಕೋಕಾ ಕೋಲಾಗಳ ಸಿರಪ್ ತುಂಬಲು. ಸೋಡಾ ಹುಟ್ಟಿದ್ದು ಬಿಯರಿನ ಪಕ್ಕದಲ್ಲೇ: 1767ರಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಜೋಸೆಫ್ ಪ್ರೀಸ್ಟ್ಲಿ ಬಿಯರ್ ಹುಳಿಯುವ ತೊಟ್ಟಿಯ ಮೇಲೆ ನೀರು ಹಿಡಿದು, ಅದರಲ್ಲಿ ಇಂಗಾಲದ ಡೈಆಕ್ಸೈಡ್ ಬೆರೆಯುವುದನ್ನು ಕಂಡ. ಆದ್ದರಿಂದ ಒಂದರ ವಿಜ್ಞಾನ ಇನ್ನೊಂದಕ್ಕೂ ಸಲ್ಲುತ್ತದೆ.

ಒತ್ತಡ ಹೆಚ್ಚಿದಷ್ಟೂ ದ್ರವದಲ್ಲಿ ಹೆಚ್ಚು ಅನಿಲ ಕರಗುತ್ತದೆ. ವಿಲಿಯಂ ಹೆನ್ರಿ 1803ರಲ್ಲಿ ತೋರಿಸಿಕೊಟ್ಟ ನಿಯಮವಿದು. ಬಿಸಿ ಏರಿದಂತೆ ಅನಿಲ ಹೊರಬೀಳುತ್ತದೆ. ಸಾಮಾನ್ಯ ವಾಯುಭಾರದಲ್ಲಿ ಸೊನ್ನೆ ಡಿಗ್ರಿಯ ಒಂದು ಲೀಟರ್ ನೀರು ಸುಮಾರು 3.3 ಗ್ರಾಂ ಇಂಗಾಲದ ಡೈಆಕ್ಸೈಡ್ ಹಿಡಿದುಕೊಂಡರೆ, 40 ಡಿಗ್ರಿಯಲ್ಲಿ ಹಿಡಿಯುವುದು ಒಂದು ಗ್ರಾಂ ಅಷ್ಟೆ. ನಮ್ಮ ಏಪ್ರಿಲ್, ಮೇ ತಿಂಗಳ ತೊಂದರೆಯ ಬೇರು ಇಲ್ಲಿದೆ. ಒಳಗೆ ಕೆಗ್ ತಣ್ಣಗಿದ್ದರೂ ಹೊರಗಿನ ಕೊಳವೆ ಮತ್ತು ನಲ್ಲಿ ಕಾದಿದ್ದರೆ ಮೊದಲ ಗ್ಲಾಸ್ ನೊರೆಯೇ. ಹರಿವು ತಗ್ಗಿಸುವ ಯಾವ ಉಪಾಯಕ್ಕೂ ಮುಂಚೆ ಕೊಳವೆಯನ್ನೂ ಕೆಗ್‌ನ ಜೊತೆ ತಂಪಿನೊಳಗೇ ಸುತ್ತಿಡಬೇಕು.

ಇನ್ನು ವೇಗ. ಬಹಳ ಜನ ನಲ್ಲಿಯನ್ನು ಅರ್ಧ ತಿರುಗಿಸಿ ನಿಧಾನ ಮಾಡಲು ನೋಡುತ್ತಾರೆ, ನೊರೆ ಇನ್ನೂ ಹೆಚ್ಚುತ್ತದೆ. ಇಕ್ಕಟ್ಟಾದ ಒಂದೇ ಕಿಂಡಿಯಲ್ಲಿ ದ್ರವ ರಭಸವಾಗಿ ನುಗ್ಗುವಾಗ ಅಲ್ಲಿ ಒತ್ತಡ ಥಟ್ಟನೆ ಕುಸಿದು ಅನಿಲ ಗುಳ್ಳೆಗಟ್ಟಿ ಚಿಮ್ಮುತ್ತದೆ. ಒತ್ತಡ ಇಳಿಯಲೇಬೇಕು, ಆದರೆ ದಾರಿಯುದ್ದಕ್ಕೂ ಸ್ವಲ್ಪ ಸ್ವಲ್ಪವಾಗಿ ಇಳಿಯಬೇಕು. ಭೂಸನೂರು ಕಡೆಯ ಕಬ್ಬಿನ ರೈತರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹನಿ ನೀರಾವರಿಯ ಡ್ರಿಪ್ಪರ್ ಒಳಗೆ ಅಂಕುಡೊಂಕಾದ ಸಣ್ಣ ಹಾದಿ ಇರುತ್ತದೆ. ಪೈಪಿನಲ್ಲಿ ಒತ್ತಿ ಬಂದ ನೀರು ಅದರಲ್ಲಿ ತಿಕ್ಕಾಡಿ ಬಲ ಕಳೆದುಕೊಂಡು, ಗಂಟೆಗೆ ನಾಲ್ಕು ಲೀಟರಿನಂತೆ ತೊಟ್ಟಿಕ್ಕುತ್ತದೆ.

ಕೆಗ್‌ಗೆ ಈ ಕೆಲಸವನ್ನು ಉದ್ದನೆಯ ಸಣ್ಣ ಕೊಳವೆ ಮಾಡುತ್ತದೆ. ಸುಮಾರು 0.8 ಬಾರ್ ಒತ್ತಡದ ತಣ್ಣನೆಯ ಬಿಯರಿಗೆ ಒಳವ್ಯಾಸ 4.8 ಮಿಲಿಮೀಟರಿನ ಕೊಳವೆ ಮೂರು ಮೀಟರಿನಷ್ಟಿದ್ದರೆ ಸಾಮಾನ್ಯವಾಗಿ ಸಾಕು. ಅರ್ಧ ಲೀಟರ್ ತುಂಬಲು ಎಂಟು ಸೆಕೆಂಡು ಹಿಡಿದರೆ ಹರಿವು ಸರಿಯಾಗಿದೆ. ಸೋಡಾಕ್ಕೆ ಒತ್ತಡ ಇದರ ಎರಡು ಪಟ್ಟಿಗೂ ಹೆಚ್ಚು ಬೇಕು, ಹಾಗಾಗಿ ಕೊಳವೆ ಎಂಟೊಂಬತ್ತು ಮೀಟರಿಗೆ ಹೋಗುತ್ತದೆ. ಅಷ್ಟು ಉದ್ದ ಬೇಡವೆನ್ನುವವರು ವ್ಯಾಸ ತಗ್ಗಿಸಬಹುದು. ರಕ್ತದ ಹರಿವನ್ನು ಅರಿಯಲು ಹೊರಟ ಫ್ರೆಂಚ್ ವೈದ್ಯ ಪ್ವಾಸೆಯ್ 1840ರ ದಶಕದಲ್ಲಿ ಕಂಡುಕೊಂಡಂತೆ, ಶಾಂತವಾಗಿ ಹರಿಯುವ ದ್ರವದ ಕೊಳವೆಯನ್ನು ಅರ್ಧ ಸಣ್ಣದು ಮಾಡಿದರೆ ಹರಿವು ಹದಿನಾರನೇ ಒಂದು ಪಾಲಿಗೆ ಇಳಿಯುತ್ತದೆ. ಸೋಡಾ ಸುಳಿಯೆದ್ದು ಓಡುವುದರಿಂದ ಇಳಿತ ಅಷ್ಟಿರದು, ಸುಮಾರು ಆರನೇ ಒಂದು ಪಾಲಾಗುತ್ತದೆ. ಹಾಗಿದ್ದರೂ ವ್ಯಾಸದಲ್ಲಿ ಒಂದು ಮಿಲಿಮೀಟರ್ ಬದಲಾದರೆ ಲೆಕ್ಕವೆಲ್ಲ ಬದಲಾಗುತ್ತದೆ.

ಮೂರನೆಯ ಉಪಾಯವೊಂದಿದೆ, ಅದರ ಬಗ್ಗೆ ನನಗೆ ತಕರಾರಿದೆ. ಎರಡು ಬಗೆಯ ಅಂಟು ಬೆರೆಸಲು ಬಳಸುವ, ಒಳಗೆ ತಿರುಚಿದ ಎಲೆಗಳಿರುವ ಪ್ಲಾಸ್ಟಿಕ್ ಕಡ್ಡಿಯನ್ನು ಕೆಲವರು ಕೆಗ್‌ನ ಒಳಕೊಳವೆಗೆ ತೂರಿಸುತ್ತಾರೆ. ಡ್ರಿಪ್ಪರಿನಂತೆಯೇ ಅದು ದ್ರವವನ್ನು ತಿರುಗಿಸಿ ತಡೆಯುತ್ತದೆ, ಬೆಲೆಯೂ ಕಡಿಮೆ. ಆದರೆ ಅದನ್ನು ತಯಾರಿಸಿದ್ದು ಅಂಟಿಗೆ, ಆಹಾರಕ್ಕಲ್ಲ. ಅಚ್ಚಿನಿಂದ ಬಿಡಿಸಲು ಸವರಿದ ರಾಸಾಯನಿಕ ಯಾವುದು, ಪ್ಲಾಸ್ಟಿಕ್‌ನಲ್ಲಿ ಏನು ಬೆರೆತಿದೆ ಎಂದು ಯಾರೂ ಪರೀಕ್ಷಿಸಿರುವುದಿಲ್ಲ. ಅದರ ಸಂದಿಗಳಲ್ಲಿ ಕೂತ ಸಕ್ಕರೆ, ಯೀಸ್ಟು ತೊಳೆದರೂ ಹೋಗದು.

ಸೋಡಾ ಬರೀ ನೀರಲ್ಲ, ಆಮ್ಲ. ತಾಮ್ರ, ಹಿತ್ತಾಳೆಯ ಭಾಗಗಳಲ್ಲಿ ನಿಂತರೆ ತಾಮ್ರವನ್ನು ಕರಗಿಸಿಕೊಳ್ಳುತ್ತದೆ. ಕುಡಿದವರಿಗೆ ವಾಂತಿ, ಹೊಟ್ಟೆನೋವು ಬರಬಹುದು. ತೋಟದ ಪಿವಿಸಿ ಪೈಪು ಬೇಡ, ಅದನ್ನು ಮೆತ್ತಗೆ ಮಾಡುವ ಥ್ಯಾಲೇಟುಗಳು ಪಾನೀಯಕ್ಕೆ ಇಳಿಯಬಹುದು. ಹೊಲದಲ್ಲಿ ಉಳಿದ ಡ್ರಿಪ್ ಮೈಕ್ರೋಟ್ಯೂಬು ಅಳತೆಗೆ ಸರಿಹೊಂದುತ್ತದೆ, ಕೈಗೂ ಸಿಗುತ್ತದೆ, ಆದರೆ ರಸಗೊಬ್ಬರ ಹರಿದ ಕೊಳವೆ ಬಾಯಿಗೆ ಬರುವ ಪಾನೀಯಕ್ಕೆ ಎಂದೂ ಸಲ್ಲದು. ಸಿಲಿಕೋನ್ ಆಹಾರಕ್ಕೆ ಸುರಕ್ಷಿತವಾದರೂ ಅನಿಲವನ್ನು ಸೋರಬಿಡುತ್ತದೆ. ಉಳಿದದ್ದು ಆಹಾರ ದರ್ಜೆಯ ಪಾಲಿಎಥಿಲೀನ್ ಕೊಳವೆ, ಜೊತೆಗೆ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನ, ಒತ್ತಡವನ್ನು ಮೆಲ್ಲಗೆ ಇಳಿಸಿ ಹರಿವು ಹೊಂದಿಸುವ ತಿರುಪಿರುವ ನಲ್ಲಿ. ನಲ್ಲಿ ದುಬಾರಿ, ಆದರೆ ಬಿಚ್ಚಿ ತೊಳೆಯಬಹುದು. ಎರಡು ವಾರಕ್ಕೊಮ್ಮೆ ಕೊಳವೆಯೊಳಗೆ ಕ್ಷಾರ ದ್ರಾವಣ ಹರಿಸಿ, ಆಮೇಲೆ ಶುದ್ಧ ನೀರಿನಲ್ಲಿ ಚೆನ್ನಾಗಿ ತೊಳೆಯುವುದು ಬಿಯರ್ ಸುರಿಯುವವರ ರೂಢಿ. ಸಿರಪ್ ಹರಿಯುವ ಸೋಡಾ ಯಂತ್ರಕ್ಕೂ ಅದೇ ಶಿಸ್ತು ಬೇಕು.

ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ಪ್ಯಾಕೇಜಿಂಗ್ ನಿಯಮಗಳ ಪ್ರಕಾರ, ಆಹಾರಕ್ಕೆ ತಾಗುವ ಪ್ಲಾಸ್ಟಿಕ್‌ನಿಂದ ಕಿಲೋಗೆ 60 ಮಿಲಿಗ್ರಾಂಗಿಂತ ಹೆಚ್ಚು ಪದಾರ್ಥ ಆಹಾರಕ್ಕೆ ಸೇರುವಂತಿಲ್ಲ. ಪಾಲಿಎಥಿಲೀನ್‌ಗೆ ಐಎಸ್ 10146 ಎಂಬ ಮಾನಕವಿದೆ. ಕೊಳವೆ ಕೊಳ್ಳುವಾಗ ಆ ಮಾನಕದ ಸಂಖ್ಯೆಯನ್ನೋ, ಲೋಟ ಮತ್ತು ಮುಳ್ಳುಚಮಚದ ಗುರುತನ್ನೋ ಹುಡುಕಿ. ಕಾಣದಿದ್ದರೆ ಅಂಗಡಿಯವರನ್ನು ಕೇಳಿ, ಅವರಿಗೂ ಗೊತ್ತಿಲ್ಲದಿದ್ದರೆ ಆ ಕೊಳವೆ ಕೊಳ್ಳಬೇಡಿ.