ಒಂದು ಫೋನ್ ಕರೆಯ ದೂರದಲ್ಲಿ ನೆರೆಹೊರೆ: ಸ್ವಂತ ಮನೆಯಲ್ಲೇ ಉಳಿಯಬಯಸುವ ಹಿರಿಯರಿಗೆ ನೆರವು

ವಯಸ್ಸಾದವರು ತಮ್ಮ ಮನೆ ಬಿಟ್ಟು ಹೋಗಲು ದೊಡ್ಡ ಕಾಯಿಲೆಯೇ ಬರಬೇಕೆಂದಿಲ್ಲ. ಮೆಟ್ಟಿಲಿನ ಬಲ್ಬು ಸುಟ್ಟುಹೋಗುತ್ತದೆ, ಸ್ಟೂಲ್ ಹತ್ತಿ ಬದಲಾಯಿಸಲು ಧೈರ್ಯವಿರುವುದಿಲ್ಲ, ಕತ್ತಲಲ್ಲಿ ಎಡವಿ ಬೀಳುತ್ತಾರೆ. ಜೊತೆಗೆ ಬರುವವರಿಲ್ಲವೆಂದು ಕಣ್ಣಿನ ಡಾಕ್ಟರ ಹತ್ತಿರ ಹೋಗುವುದು ಮುಂದಕ್ಕೆ ಹೋಗುತ್ತದೆ. ಬ್ಯಾಂಕಿನಿಂದ ಬಂದ ಪತ್ರ ಅರ್ಥವಾಗದೆ ಮೇಜಿನ ಮೇಲೇ ಉಳಿಯುತ್ತದೆ. ಇಂಥವು ಹತ್ತು ಕೂಡಿದ ಮೇಲೆ ದೂರದ ಊರಿನಲ್ಲಿರುವ ಮಕ್ಕಳು “ಇನ್ನು ಒಬ್ಬರೇ ಇರುವುದು ಬೇಡ” ಎನ್ನುತ್ತಾರೆ. ಹೀಗೆ ಮನೆ ಬಿಡಿಸುವ ಕೆಲಸಗಳಲ್ಲಿ ಹೆಚ್ಚಿನವು ಪಕ್ಕದ ಬೀದಿಯವರು ಅರ್ಧ ಗಂಟೆಯಲ್ಲಿ ಮಾಡಿಕೊಡಬಹುದಾದವು.

ಈ ಲೆಕ್ಕವನ್ನು ಮೊದಲು ಸರಿಯಾಗಿ ಹಾಕಿದವರಲ್ಲಿ ಅಮೆರಿಕದ ಬೋಸ್ಟನ್ ನಗರದ ಬೀಕನ್ ಹಿಲ್ ಬಡಾವಣೆಯ ಹಿರಿಯರೂ ಸೇರುತ್ತಾರೆ. ಅದು ಹಳೆಯ ಬಡಾವಣೆ. ಇಳಿಜಾರು ಬೀದಿಗಳು, ಇಟ್ಟಿಗೆ ಹಾಸಿದ ಕಾಲುದಾರಿಗಳು, ಒಂದಕ್ಕೊಂದು ಅಂಟಿಕೊಂಡ ಮೆಟ್ಟಿಲುಗಳ ಮನೆಗಳು, ಚಳಿಗಾಲದಲ್ಲಿ ಹಿಮ. ಮುದುಕರಿಗೆ ಒಗ್ಗುವ ಜಾಗವಲ್ಲ. ಆದರೂ ಅಲ್ಲಿನ ಕೆಲವರಿಗೆ ಊರು ಬಿಟ್ಟು ವೃದ್ಧಾಶ್ರಮ ಸೇರುವುದು ಒಪ್ಪಿಗೆಯಾಗಲಿಲ್ಲ. 1999ರ ಸುಮಾರಿಗೆ ಕುಳಿತು ಮಾತನಾಡಲು ಆರಂಭಿಸಿದರು. 2002ರಲ್ಲಿ ‘ಬೀಕನ್ ಹಿಲ್ ವಿಲೇಜ್’ ಸದಸ್ಯರಿಗೆ ತೆರೆಯಿತು. ಹೆಸರಿನಲ್ಲಿ ಹಳ್ಳಿ ಇದ್ದರೂ ಹೊಸ ಕಟ್ಟಡ ಯಾವುದನ್ನೂ ಕಟ್ಟಲಿಲ್ಲ. ಇದ್ದ ಮನೆಗಳೇ, ಇದ್ದ ಬೀದಿಗಳೇ.

ವ್ಯವಸ್ಥೆ ಸರಳ. 50 ವರ್ಷ ದಾಟಿದವರು ವರ್ಷಕ್ಕೊಮ್ಮೆ ಶುಲ್ಕ ಕಟ್ಟಿ ಸದಸ್ಯರಾಗುತ್ತಾರೆ. ಒಂದು ಚಿಕ್ಕ ಕಚೇರಿ, ಸಂಬಳದ ಮೇಲಿರುವ ಕೆಲವೇ ಮಂದಿ, ಒಂದು ಫೋನ್. ಸದಸ್ಯರು ಏನು ಬೇಕಾದರೂ ಆ ಒಂದೇ ನಂಬರಿಗೆ ಹೇಳಿದರೆ ಸಾಕು. ಆಸ್ಪತ್ರೆಗೆ ಕರೆದೊಯ್ಯುವುದು, ಸಾಮಾನು ತಂದುಕೊಡುವುದು, ಕಂಪ್ಯೂಟರ್ ಸರಿಮಾಡುವುದು ಸ್ವಯಂಸೇವಕರ ಪಾಲು. ನಲ್ಲಿ, ವಿದ್ಯುತ್ ಮುಂತಾದ ರಿಪೇರಿಗೆ ಕಚೇರಿ ಮೊದಲೇ ವಿಚಾರಿಸಿ ಇಟ್ಟುಕೊಂಡಿರುವ ನಂಬಿಕಸ್ತ ಕೆಲಸಗಾರರ ಪಟ್ಟಿಯಿದೆ; ಅವರ ಕೂಲಿಯನ್ನು ಸದಸ್ಯರೇ ಕೊಡುತ್ತಾರೆ. ಅಪರಿಚಿತರನ್ನು ಮನೆಯೊಳಗೆ ಬಿಟ್ಟುಕೊಳ್ಳುವ ಭಯ ಎಷ್ಟೆಂಬುದು ಒಂಟಿಯಾಗಿರುವ ಹಿರಿಯರಿಗೇ ಗೊತ್ತು. ಆ ಪಟ್ಟಿಯ ಬೆಲೆ ಅಲ್ಲಿದೆ.

ಸೇವೆಗೆ ಶುಲ್ಕವೇಕೆ ಎಂದು ನಮ್ಮಲ್ಲಿ ಅನೇಕರು ಕೇಳಿಯಾರು. ಇದು ಈ ವ್ಯವಸ್ಥೆಯ ತಿರುಳು. ಪಕ್ಕದ ಮನೆಯ ಹುಡುಗನನ್ನು ಒಂದು ಸಲ ಕರೆಯುವುದು ಸುಲಭ, ಮೂರನೆಯ ಸಲ ಸಂಕೋಚ ಅಡ್ಡ ಬರುತ್ತದೆ. ಜೀವನವಿಡೀ ಕೊಟ್ಟು ಅಭ್ಯಾಸವಾದವರು ಕೈಚಾಚಲಾರರು, ಬಿದ್ದರೂ ಸುಮ್ಮನಿರುತ್ತಾರೆ. ಶುಲ್ಕ ಕಟ್ಟಿದವರು ಹಂಗಿಲ್ಲದೆ, ಹಕ್ಕಿನಿಂದ ಕೇಳುತ್ತಾರೆ. ಅಂಗಡಿ ನಡೆಸಿದ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಅದೇ ಶುಲ್ಕ ಬಡವರಿಗೆ ಬಾಗಿಲು ಮುಚ್ಚಲೂಬಹುದು. ಕಡಿಮೆ ಆದಾಯದವರಿಗೆ ಬೀಕನ್ ಹಿಲ್‌ನಲ್ಲಿ ರಿಯಾಯಿತಿ ಉಂಟು. ಹಾಗಿದ್ದರೂ ಇಂಥ ಸಂಘಗಳ ಸದಸ್ಯರಲ್ಲಿ ಅನುಕೂಲಸ್ಥರೇ ಹೆಚ್ಚು ಎಂಬುದು ಬರ್ಕ್ಲಿ ವಿಶ್ವವಿದ್ಯಾಲಯದ ಆಂಡ್ರ್ಯೂ ಶಾರ್ಲಾಕ್ ಮತ್ತು ಸಂಗಡಿಗರ ಅಧ್ಯಯನಗಳಲ್ಲಿ ಕಂಡುಬಂದಿದೆ. ಆ ಕೊರತೆ ಇನ್ನೂ ತುಂಬಿಲ್ಲ.

ಮಾದರಿ ಬೇಗ ಹರಡಿತು. ವಾಷಿಂಗ್ಟನ್ನಿನ ಕ್ಯಾಪಿಟಲ್ ಹಿಲ್ ಬಡಾವಣೆಯಲ್ಲಿ 2007ರಲ್ಲಿ ಇಂಥದೇ ಸಂಘ ಆರಂಭವಾಯಿತು. 2010ರಲ್ಲಿ ಇವೆಲ್ಲವನ್ನೂ ಜೋಡಿಸುವ ಒಕ್ಕೂಟ ಹುಟ್ಟಿತು. ಇಂದು ಆ ದೇಶದಲ್ಲಿ ಇನ್ನೂರಕ್ಕೂ ಹೆಚ್ಚು ಇಂಥ ಸಂಘಗಳಿವೆ. ಸ್ವಯಂಸೇವಕರಲ್ಲಿ ಅನೇಕರು ತಾವೇ ಸದಸ್ಯರು. ಕಾರು ಓಡಿಸಬಲ್ಲ ಎಪ್ಪತ್ತರವರು ಎಂಬತ್ತೈದರವರನ್ನು ಡಾಕ್ಟರ ಹತ್ತಿರ ಕರೆದೊಯ್ಯುತ್ತಾರೆ.

ಇದರಿಂದ ಆಗದ ಕೆಲಸಗಳೂ ಇವೆ. ಸ್ನಾನ ಮಾಡಿಸುವುದು, ಗಾಯಕ್ಕೆ ಪಟ್ಟಿ ಕಟ್ಟುವುದು, ಔಷಧಿ ಕೊಡುವುದು ಸ್ವಯಂಸೇವಕರ ಕೆಲಸವಲ್ಲ. ಮರೆವಿನ ಕಾಯಿಲೆ ಬೆಳೆದವರಿಗೆ ನೆರೆಯವರ ಭೇಟಿ ಸಾಲದು. ಅಮೆರಿಕದ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್ ಕೂಡ ದಿನನಿತ್ಯದ ದೀರ್ಘಕಾಲದ ಆರೈಕೆಯ ಖರ್ಚನ್ನು ಸಾಮಾನ್ಯವಾಗಿ ಕೊಡುವುದಿಲ್ಲ. ಆ ಹಂತದಲ್ಲಿ ಹೊರೆ ಮತ್ತೆ ಮನೆಯವರ ಮೇಲೇ ಬೀಳುತ್ತದೆ.

ಮಕ್ಕಳು ಹೊರದೇಶದಲ್ಲಿದ್ದು ತಂದೆತಾಯಿ ಮಾತ್ರ ಉಳಿದ ಮನೆಗಳು ಬೆಂಗಳೂರು, ಮೈಸೂರಿನಲ್ಲಿ ಪ್ರತಿ ಬಡಾವಣೆಯಲ್ಲೂ ಸಿಗುತ್ತವೆ. ಸೂರ್ಯಾಸ್ತದೊಳಗೆ ಊಟ, ಗಡ್ಡೆಗೆಣಸು ಸೇರದ ಅಡುಗೆ ಎಂದು ನಡೆದುಕೊಂಡು ಬಂದ ಹಿರಿಯರಿಗೆ ಬೇರೆಯವರ ಅಡುಗೆಮನೆಗೆ ಹೊಂದಿಕೊಳ್ಳುವುದು ಇನ್ನೂ ಕಷ್ಟ. ಬೆಂಗಳೂರಿನಲ್ಲಿ ನೈಟಿಂಗೇಲ್ಸ್ ಸಂಸ್ಥೆ ಮತ್ತು ನಗರ ಪೊಲೀಸರು ಸೇರಿ 2002ರಲ್ಲಿ ಆರಂಭಿಸಿದ 1090 ಸಹಾಯವಾಣಿಯಿದೆ. ದೇಶಕ್ಕೆಲ್ಲ ಒಂದೇ ಆದ 14567 ಕೂಡ ಇದೆ. ಕಿರುಕುಳ, ಪಿಂಚಣಿ, ಕಾನೂನಿನ ವಿಷಯಕ್ಕೆ ಇವು ಉಪಯುಕ್ತ. ಆದರೆ ಮೆಟ್ಟಿಲಿನ ಬಲ್ಬಿಗೆ ಬೀದಿಯವರೇ ಬೇಕು.

ಒಂದು ಬೀದಿಯಲ್ಲಿ ಇದನ್ನು ಆರಂಭಿಸಲು ದೊಡ್ಡ ಬಂಡವಾಳ ಬೇಡ. ನಾಲ್ಕೈದು ಮಂದಿ, ಸದಾ ಯಾರಾದರೂ ಎತ್ತುವ ಒಂದು ಫೋನ್ ನಂಬರ್, ಬಂದ ಕರೆ ಮತ್ತು ಹೋದವರ ಹೆಸರು ಬರೆಯುವ ಒಂದು ಪುಸ್ತಕ ಸಾಕು. ಮೊದಲ ಭೇಟಿಗೆ ಇಬ್ಬರು ಹೋಗುವುದು ಲೇಸು. ಹಿರಿಯರ ಎಟಿಎಂ ಕಾರ್ಡು, ಪಾಸ್‌ಬುಕ್ಕು, ಒಡವೆಗಳನ್ನು ಯಾವ ಕಾರಣಕ್ಕೂ ಮುಟ್ಟಬಾರದು. ಒಂದು ಸಂಶಯ ಬಂದರೆ ಹತ್ತು ವರ್ಷದ ಸೇವೆ ನೀರುಪಾಲು. ಬೇಸರ ತರುವ ಕೆಲಸವೆಂದರೆ ಪುಸ್ತಕ ನೋಡಿಕೊಂಡು ಪಾಳಿ ಹಂಚುವುದು. ಉತ್ಸಾಹಿಗಳು ಮೊದಲ ತಿಂಗಳು ಎಲ್ಲ ಕಡೆ ಸಿಗುತ್ತಾರೆ, ಎರಡನೆಯ ಮಳೆಗಾಲಕ್ಕೆ ಉಳಿಯುವವರು ಕಡಿಮೆ. ಆದ್ದರಿಂದ ಪಾಳಿ ಹಂಚುವವರಿಗಾದರೂ ಸಣ್ಣ ಸಂಬಳವಿರುವುದು ಒಳ್ಳೆಯದು.

ಹೆಚ್ಚು ನಿಗಾ ಬೇಕಾದದ್ದು ಫೋನ್ ಮಾಡದವರ ಬಗ್ಗೆ. ಅಂಥವರಿಗೆ ಇತ್ತಲಿಂದಲೇ ವಾರಕ್ಕೆರಡು ಸಲ ಕರೆ ಹೋಗಬೇಕು. ಮೂರು ಸಲ ಗಂಟೆ ಬಾರಿಸಿದರೂ ಎತ್ತದಿದ್ದರೆ ಯಾರು ಹೋಗಿ ಬಾಗಿಲು ತಟ್ಟಬೇಕು, ಇನ್ನೊಂದು ಬೀಗದ ಕೈ ಯಾರ ಮನೆಯಲ್ಲಿದೆ, ಮಗಳ ನಂಬರ್ ಯಾವುದು ಎಂಬುದನ್ನು ಅವರು ಗಟ್ಟಿಮುಟ್ಟಾಗಿರುವಾಗಲೇ ಕೇಳಿ ಪುಸ್ತಕದ ಮೊದಲ ಹಾಳೆಯಲ್ಲಿ ಬರೆದಿಡಬೇಕು.